ಮೂವತ್ತರ ಹೊಸ್ತಿಲಲ್ಲಿ ವೈದ್ಯವಿದ್ಯೆ: ವಯಸ್ಸು, ಅಂಕ ಮತ್ತು ಮನೆಯ ಲೆಕ್ಕ

ವೈದ್ಯರಾಗಬೇಕೆಂಬ ಆಸೆ ಎಲ್ಲರಲ್ಲಿಯೂ ಹದಿನೆಂಟನೆಯ ವಯಸ್ಸಿಗೇ ಹುಟ್ಟಬೇಕೆಂದೇನೂ ಇಲ್ಲ. ಮನೆಯ ಹಿರಿಯರೊಬ್ಬರನ್ನು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಶುಶ್ರೂಷೆ ಮಾಡಿದವರಲ್ಲಿ, ಔಷಧದ ಅಂಗಡಿಯಲ್ಲಿ ದುಡಿಯುತ್ತ ರೋಗಿಗಳ ಸಂಕಟವನ್ನು ಕಣ್ಣಾರೆ ಕಂಡವರಲ್ಲಿ, ದಾದಿಯರಾಗಿ, ಪ್ರಯೋಗಾಲಯದ ತಂತ್ರಜ್ಞರಾಗಿ, ಅಧ್ಯಾಪಕರಾಗಿ ಹತ್ತು ವರ್ಷ ಕಳೆದವರಲ್ಲಿ ಈ ಆಸೆ ತಡವಾಗಿ ಮೂಡುವುದುಂಟು. ಮೂಡಿದ ಕೂಡಲೇ ಎರಡು ಅಳುಕುಗಳು ಎದುರು ನಿಲ್ಲುತ್ತವೆ: ವಯಸ್ಸು ಮೀರಿತಲ್ಲ ಎಂಬುದು ಒಂದು, ಪಿಯುಸಿಯಲ್ಲಿ ಬಂದ ಅಂಕಗಳು ತೀರ ಸಾಧಾರಣವಲ್ಲವೇ ಎಂಬುದು ಇನ್ನೊಂದು.

ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳಲ್ಲಿ ನೆಲೆಸಿರುವ ಭಕ್ತರ ಮನೆಗಳಲ್ಲಿಯೂ ಈ ಪ್ರಶ್ನೆ ಕೇಳಿಬರುತ್ತಿದೆ. ಆದುದರಿಂದ ಈ ತಿಂಗಳ ಆರೋಗ್ಯ ವಿಭಾಗದಲ್ಲಿ ರೋಗವೊಂದರ ಬದಲಿಗೆ, ರೋಗಿಗಳ ಸೇವೆಗೆ ತಡವಾಗಿ ಹೊರಟು ನಿಂತವರ ದಾರಿಯನ್ನೇ ವಿಚಾರಿಸೋಣವೆಂದು ನಾವು ಬಗೆದಿದ್ದೇವೆ. ನಾವು ಹೇಳಬೇಕೆಂದಿರುವುದು ಇಷ್ಟೇ: ಕಾನೂನಿನ ಬಾಗಿಲು ಜನರು ತಿಳಿದಿರುವುದಕ್ಕಿಂತ ಹೆಚ್ಚು ತೆರೆದಿದೆ, ಆದರೆ ಬಾಗಿಲಿನ ಆಚೆಗಿನ ದಾರಿ ದೀರ್ಘವಾದುದು. ಎಷ್ಟು ವರ್ಷ, ಎಷ್ಟು ಹಣ, ಆಗದಿದ್ದರೆ ಮುಂದೇನು ಎಂಬ ಮೂರು ಮಾತುಗಳನ್ನು ಮನೆಯವರೊಡನೆ ಕುಳಿತು ಮೊದಲೇ ತೀರ್ಮಾನಿಸಿಕೊಂಡವರಿಗೆ ಮಾತ್ರ ಈ ದಾರಿ ಹಿತವಾದೀತು.

ಈ ಸೀಮೆಗೆ ವೈದ್ಯರ ಅಗತ್ಯ

ಸುಳ್ಯದಂತಹ ಗಡಿಭಾಗದ ಪಟ್ಟಣದಲ್ಲಿ ಇಂದು ವೈದ್ಯಕೀಯ, ದಂತವೈದ್ಯಕೀಯ ಮತ್ತು ಆಯುರ್ವೇದ ಕಾಲೇಜುಗಳು ಇವೆ. ಕುರುಂಜಿ ವೆಂಕಟರಮಣ ಗೌಡರು ಕಟ್ಟಿ ಬೆಳೆಸಿದ ಸಂಸ್ಥೆಗಳಿವು. ಪುತ್ತೂರಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಆಗಬೇಕೆಂಬುದು ಅಲ್ಲಿನ ಜನರ ಬಹುಕಾಲದ ಬೇಡಿಕೆ. ಕಡಬವು ಇತ್ತೀಚಿನ ವರ್ಷಗಳಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಅಲ್ಲಿನ ಒಳಗ್ರಾಮಗಳಿಂದ, ಸುಬ್ರಹ್ಮಣ್ಯದ ಸುತ್ತಲಿನ ಕಾಡಂಚಿನ ಮನೆಗಳಿಂದ ಗಂಭೀರ ರೋಗಿಯೊಬ್ಬನನ್ನು ಮಳೆಗಾಲದ ರಾತ್ರಿಯಲ್ಲಿ ಮಂಗಳೂರಿಗೆ ಸಾಗಿಸುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಗೇರು ತೋಟಗಳ ಮೇಲೆ ಹಿಂದೆ ವರ್ಷಾನುಗಟ್ಟಲೆ ಸಿಂಪಡಿಸಿದ ಎಂಡೋಸಲ್ಫಾನ್ ಈ ಭಾಗದ ಅನೇಕ ಮನೆಗಳಲ್ಲಿ ಬಿಟ್ಟುಹೋದ ನೋವಿಗೆ ಕೊಕ್ಕಡ ಮತ್ತು ಕೊಯಿಲದ ಪಾಲನಾ ಕೇಂದ್ರಗಳೇ ಸಾಕ್ಷಿ. ಊರಿನ ಭಾಷೆ, ಊರಿನ ಬದುಕು ಬಲ್ಲ ವೈದ್ಯರು ಇಲ್ಲಿಯೇ ನೆಲೆಸುವುದು ಎಷ್ಟು ಮುಖ್ಯವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ತುಳು, ಅರೆಭಾಷೆ, ಕನ್ನಡಗಳಲ್ಲಿ ರೋಗಿಯೊಡನೆ ಮಾತನಾಡಬಲ್ಲ, ಸಂಸಾರದ ಕಷ್ಟಸುಖ ಕಂಡ ಮೂವತ್ತೈದರ ವೈದ್ಯನೊಬ್ಬ ಊರಿಗೆ ಹೊರೆಯಲ್ಲ, ವರವೇ ಸರಿ.

ವಯಸ್ಸಿನ ತಡೆ ಈಗಿಲ್ಲ

ಎಂ.ಬಿ.ಬಿ.ಎಸ್. ಪ್ರವೇಶಕ್ಕೆ ಗರಿಷ್ಠ ವಯಸ್ಸು 25, ಮೀಸಲು ವರ್ಗಗಳಿಗೆ 30 ಎಂಬ ನಿಯಮ ಕೆಲವು ವರ್ಷಗಳ ಹಿಂದೆ ಜಾರಿಗೆ ಬಂದಿತ್ತು. ಅದನ್ನು ಪ್ರಶ್ನಿಸಿ ಹಲವರು ನ್ಯಾಯಾಲಯದ ಮೆಟ್ಟಿಲೇರಿದರು. ಸುಪ್ರೀಂ ಕೋರ್ಟ್ 2018ರಲ್ಲಿ, ವಯಸ್ಸು ಮೀರಿದವರಿಗೂ ತಾತ್ಕಾಲಿಕವಾಗಿ ಅರ್ಜಿ ಸಲ್ಲಿಸಲು ಅವಕಾಶ ನೀಡಿತು. ಬಳಿಕ ರಾಷ್ಟ್ರೀಯ ವೈದ್ಯಕೀಯ ಆಯೋಗವು 2021ರ ಅಕ್ಟೋಬರಿನ ಸಭೆಯಲ್ಲಿ ಗರಿಷ್ಠ ವಯೋಮಿತಿಯನ್ನೇ ಕೈಬಿಡಲು ನಿರ್ಧರಿಸಿ, 2022ರ ಮಾರ್ಚಿನಲ್ಲಿ ಅದನ್ನು ಪ್ರಕಟಿಸಿತು. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕೆಂಬ ಕನಿಷ್ಠ ಮಿತಿ ಮಾತ್ರ ಉಳಿದಿದೆ. ಎಷ್ಟು ಬಾರಿ ಪರೀಕ್ಷೆ ಬರೆಯಬಹುದೆಂಬುದಕ್ಕೂ ಮಿತಿಯಿಲ್ಲ.

ಇದನ್ನು ಬಳಸಿಕೊಂಡವರೂ ಇದ್ದಾರೆ. ಒಡಿಶಾದ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರು ತಮ್ಮ 64ನೆಯ ವಯಸ್ಸಿನಲ್ಲಿ, 2020ರ ನೀಟ್ ಪರೀಕ್ಷೆಯಲ್ಲಿ ಅರ್ಹತೆ ಪಡೆದು ಬುರ್ಲಾದ ಸರ್ಕಾರಿ ವೈದ್ಯಕೀಯ ಕಾಲೇಜನ್ನು ಸೇರಿದರು. ನಮ್ಮ ಕಲಬುರಗಿ ಜಿಲ್ಲೆಯಲ್ಲಿ, ಎಂ.ಬಿ.ಬಿ.ಎಸ್. ಓದುತ್ತಿದ್ದಾಗಲೇ ಅಪರಾಧವೊಂದರಲ್ಲಿ ಸೆರೆಮನೆ ಸೇರಿದ್ದವರೊಬ್ಬರು 2016ರಲ್ಲಿ ಬಿಡುಗಡೆಯಾಗಿ ಮತ್ತೆ ಪುಸ್ತಕ ಹಿಡಿದು, 2019ರಲ್ಲಿ, ನಲವತ್ತರ ಹರೆಯದಲ್ಲಿ ಪದವಿ ಮುಗಿಸಿದರು. ಹದಿನಾಲ್ಕು ವರ್ಷಗಳ ಅಂತರದ ನಂತರವೂ ಬುದ್ಧಿ ಮತ್ತೆ ಕಲಿಕೆಗೆ ಒಗ್ಗಬಲ್ಲುದೆಂಬುದಕ್ಕೆ ಇದೊಂದು ನಿದರ್ಶನ.

ಹಿರಿಯರು ಬಂದು ಕಿರಿಯರ ಸ್ಥಾನವನ್ನು ಕಸಿದುಕೊಂಡಂತಾಗದೇ ಎಂದು ಕೆಲವರು ಕೇಳುತ್ತಾರೆ. ತಮಿಳುನಾಡಿನ 61ರ ವಯಸ್ಸಿನ ನಿವೃತ್ತ ಶಿಕ್ಷಕರೊಬ್ಬರು 2022ರಲ್ಲಿ ಸರ್ಕಾರಿ ಶಾಲೆಯಲ್ಲಿ ಓದಿದವರ ಮೀಸಲಾತಿಯಡಿ ಸ್ಥಾನ ಪಡೆಯುವ ಹಂತಕ್ಕೆ ಬಂದೂ, ಬಡ ವಿದ್ಯಾರ್ಥಿಯೊಬ್ಬರಿಗೆ ಅದು ಸಿಗಲೆಂದು ಹಿಂದೆ ಸರಿದರು. ಅರವತ್ತರ ವಯಸ್ಸಿನಲ್ಲಿ ಇದು ಅವರವರ ಆತ್ಮಸಾಕ್ಷಿಗೆ ಬಿಟ್ಟ ವಿಷಯ. ಮೂವತ್ತರವರ ಮಾತು ಬೇರೆ. ಮೂವತ್ತಕ್ಕೆ ಕಾಲೇಜು ಸೇರಿದವರು ಮೂವತ್ತಾರರ ಹೊತ್ತಿಗೆ ವೈದ್ಯರಾದರೆ ಅರವತ್ತರವರೆಗೆ ಇಪ್ಪತ್ತನಾಲ್ಕು ವರ್ಷಗಳ ಸೇವೆ ಉಳಿದಿರುತ್ತದೆ. ಅಂಥವರು ಅಳುಕಬೇಕಾದ ಕಾರಣವಿಲ್ಲ.

ಕಡಿಮೆ ಅಂಕವೆಂದರೆ ಎಷ್ಟು ಕಡಿಮೆ?

ಇಲ್ಲಿ ಬಹುಮಂದಿಗೆ ಗೊಂದಲವಿದೆ. ಅಮೆರಿಕದಲ್ಲಿ ಪದವಿ ಮುಗಿಸಿದ ಮೇಲೆಯೇ ವೈದ್ಯಕೀಯ ಶಿಕ್ಷಣ. ಅಲ್ಲಿ ಪದವಿಯ ಅಂಕಗಳು ಬಹಳ ಮುಖ್ಯ. ನಮ್ಮಲ್ಲಿ ಹಾಗಲ್ಲ. ಬಿ.ಎ., ಬಿ.ಕಾಂ., ಬಿ.ಎಸ್ಸಿ.ಯಲ್ಲಿ ಬಂದ ಅಂಕಗಳು ನಮ್ಮ ರ‍್ಯಾಂಕಿನ ಲೆಕ್ಕಕ್ಕೆ ಬರುವುದೇ ಇಲ್ಲ. ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಅಥವಾ ಜೈವಿಕ ತಂತ್ರಜ್ಞಾನ ಹಾಗೂ ಇಂಗ್ಲಿಷನ್ನು ಓದಿ ತೇರ್ಗಡೆಯಾಗಿರಬೇಕು. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಅನುಸರಿಸುತ್ತ ಬಂದಿರುವ ನಿಯಮದಂತೆ, ಮೂರು ವಿಜ್ಞಾನ ವಿಷಯಗಳ ಒಟ್ಟು ಅಂಕ ಸಾಮಾನ್ಯ ವರ್ಗಕ್ಕೆ ಶೇ. 50, ಪರಿಶಿಷ್ಟರಿಗೂ ಹಿಂದುಳಿದ ಪ್ರವರ್ಗಗಳಿಗೂ ಶೇ. 40 ಇರಬೇಕು. ಅಂದರೆ 300ಕ್ಕೆ 150, ಮೀಸಲು ಇದ್ದವರಿಗೆ 120. ಇದು ದಾಟಿತೆಂದರೆ ಪಿಯುಸಿ ಅಂಕದ ಕೆಲಸ ಅಲ್ಲಿಗೆ ಮುಗಿಯಿತು; ರ‍್ಯಾಂಕನ್ನು ನಿರ್ಧರಿಸುವುದು ನೀಟ್ ಒಂದೇ. ನಿಯಮಗಳು ಬದಲಾಗಬಹುದಾದುದರಿಂದ ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಓದಿಯೇ ಮುಂದುವರಿಯತಕ್ಕದ್ದು.

ಪಿಯುಸಿಯಲ್ಲಿ ಜೀವಶಾಸ್ತ್ರವನ್ನೇ ಓದದವರಿಗೂ ಈಗ ದಾರಿಯುಂಟು. ಹನ್ನೆರಡನೆಯ ತರಗತಿಯ ನಂತರ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಮಾನ್ಯತೆ ಪಡೆದ ಮಂಡಳಿಯಿಂದ ಬರೆದು ತೇರ್ಗಡೆಯಾದವರೂ ನೀಟ್ ಬರೆಯಬಹುದೆಂದು ಆಯೋಗವು 2023ರ ನವೆಂಬರಿನಲ್ಲಿ ತಿಳಿಸಿದೆ. ಮುಕ್ತ ಶಾಲೆಯ ವಿದ್ಯಾರ್ಥಿಗಳಿಗೂ ಬಾಗಿಲು ತೆರೆದಿದೆ. ಆದರೆ ರಾಜ್ಯದ ಸೀಟಿಗೆ ಅಗತ್ಯವಾದ ವ್ಯಾಸಂಗದ ಷರತ್ತುಗಳು ಇಂಥ ಸಂದರ್ಭದಲ್ಲಿ ಹೇಗೆ ಅನ್ವಯಿಸುತ್ತವೆಂಬುದನ್ನು ಪ್ರಾಧಿಕಾರದಲ್ಲಿಯೇ ಕೇಳಿ ಖಚಿತಪಡಿಸಿಕೊಂಡು ಶುಲ್ಕ ಕಟ್ಟುವುದು ಲೇಸು.

ಪ್ರಮಾಣಪತ್ರಗಳ ಓಡಾಟ

ಹದಿನೆಂಟರ ವಿದ್ಯಾರ್ಥಿಗೆ ಸುಲಭವಾದ ಈ ಕೆಲಸ ಮೂವತ್ತರವರಿಗೆ ಕಷ್ಟವಾಗುತ್ತದೆ. ರಾಜ್ಯದ ಸೀಟು ಬೇಕಾದರೆ ಸಾಮಾನ್ಯವಾಗಿ ಕರ್ನಾಟಕದಲ್ಲಿ ಕನಿಷ್ಠ ಏಳು ವರ್ಷ ಓದಿದುದಕ್ಕೆ ವ್ಯಾಸಂಗ ಪ್ರಮಾಣಪತ್ರ ಬೇಕು. ಅದಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಆಗಬೇಕು. ಒಂದರಿಂದ ಹತ್ತನೆಯ ತರಗತಿಯವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ. 15, ಅದೇ ಹತ್ತು ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ. 5ರ ಒಳಮೀಸಲಾತಿಯಿದೆ. ನಮ್ಮ ಗ್ರಾಮಗಳ ಕನ್ನಡ ಶಾಲೆಯಲ್ಲಿ ಓದಿದವರು ಈ ಎರಡನ್ನೂ ಮರೆಯಬಾರದು. ಹತ್ತಿಪ್ಪತ್ತು ವರ್ಷ ಹಿಂದಿನ ದಾಖಲಾತಿ ಪುಸ್ತಕವನ್ನು ಹುಡುಕಿಸುವುದಕ್ಕೆ ಸಮಯ ಬೇಕು. ಕೆಲವು ಶಾಲೆಗಳು ಮುಚ್ಚಿಯೂ ಇರಬಹುದು. ಗಡಿಯಾಚೆಯ ಕಾಸರಗೋಡಿನ ಕನ್ನಡಿಗರಿಗೆ ಗಡಿನಾಡ ಕನ್ನಡಿಗರೆಂಬ ನೆಲೆಯಲ್ಲಿ ಪ್ರತ್ಯೇಕ ಅವಕಾಶವಿದೆ.

ಲಿಂಗಾಯತ ಸಮುದಾಯದವರು ರಾಜ್ಯದ ಪಟ್ಟಿಯಲ್ಲಿ ಪ್ರವರ್ಗ 3ಬಿಗೆ ಸೇರುತ್ತಾರೆ. ಜಾತಿ ಮತ್ತು ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯ ಮೂಲಕ ಪಡೆದು, ಅದರ ಆರ್.ಡಿ. ಸಂಖ್ಯೆಯನ್ನು ಅರ್ಜಿಯಲ್ಲಿ ತಪ್ಪಿಲ್ಲದೆ ನಮೂದಿಸಬೇಕು. ಇಲ್ಲಿ ಒಂದು ಎಚ್ಚರಿಕೆ: ರಾಜ್ಯದ 3ಬಿ ಬೇರೆ, ಕೇಂದ್ರದ ಹಿಂದುಳಿದ ವರ್ಗಗಳ ಪಟ್ಟಿ ಬೇರೆ. ನೀಟ್ ಅರ್ಜಿಯಲ್ಲಿ ವರ್ಗವನ್ನು ತುಂಬುವಾಗ ಕೇಂದ್ರದ ಪಟ್ಟಿಯನ್ನು ನೋಡಿ ತುಂಬಬೇಕು.

ನೀಟ್: ಅರ್ಹತೆ ಬೇರೆ, ಸೀಟು ಬೇರೆ

ನೀಟ್‌ನಲ್ಲಿ 180 ಪ್ರಶ್ನೆಗಳು, 720 ಅಂಕಗಳು. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಭೌತಶಾಸ್ತ್ರ 45, ರಸಾಯನಶಾಸ್ತ್ರ 45, ಜೀವಶಾಸ್ತ್ರ 90 ಪ್ರಶ್ನೆಗಳು. ಪ್ರಶ್ನೆಪತ್ರಿಕೆ ಕನ್ನಡದಲ್ಲಿಯೂ ದೊರೆಯುತ್ತದೆ. ಭಾಷಾಂತರದಲ್ಲಿ ಸಂದೇಹ ಬಂದಲ್ಲಿ ಇಂಗ್ಲಿಷ್ ಪಾಠವೇ ಅಂತಿಮ. ಆದರೆ ಕಾಲೇಜಿನ ಬೋಧನೆ ಇಂಗ್ಲಿಷಿನಲ್ಲಿ ನಡೆಯುವುದರಿಂದ ಪಾರಿಭಾಷಿಕ ಪದಗಳನ್ನು ಎರಡೂ ಭಾಷೆಗಳಲ್ಲಿ ಕಲಿಯುವುದು ಒಳಿತು.

ಸಾಮಾನ್ಯ ವರ್ಗಕ್ಕೆ 50ನೆಯ ಪರ್ಸೆಂಟೈಲ್, ಮೀಸಲು ವರ್ಗಗಳಿಗೆ 40ನೆಯದು ಅರ್ಹತೆಯ ಗೆರೆ. ಈ ಗೆರೆ ದಾಟಿದ ಕೂಡಲೇ ಸೀಟು ಸಿಕ್ಕಿತೆಂದು ಸಿಹಿ ಹಂಚುವ ಮನೆಗಳುಂಟು. ದೇಶದಲ್ಲಿ ಇಪ್ಪತ್ತು ಲಕ್ಷಕ್ಕೂ ಮಿಕ್ಕಿದ ಅಭ್ಯರ್ಥಿಗಳು, ಎಂ.ಬಿ.ಬಿ.ಎಸ್. ಸೀಟುಗಳು ಒಂದು ಲಕ್ಷಕ್ಕೆ ಕೊಂಚ ಮೇಲೆ. ಅದರಲ್ಲಿಯೂ ಸರ್ಕಾರಿ ಶುಲ್ಕದವು ಇನ್ನೂ ಕಡಿಮೆ. ಅರ್ಹತೆಯೆಂದರೆ ಸರದಿಯಲ್ಲಿ ನಿಲ್ಲುವ ಅನುಮತಿ ಮಾತ್ರ. ಹಿಂದಿನ ವರ್ಷ ನಿಮ್ಮ ಪ್ರವರ್ಗದಲ್ಲಿ, ನೀವು ಬಯಸುವ ಕಾಲೇಜಿನಲ್ಲಿ ಕೊನೆಯ ಸೀಟು ಯಾವ ರ‍್ಯಾಂಕಿಗೆ ಮುಗಿಯಿತೆಂಬುದನ್ನು ಪ್ರಾಧಿಕಾರ ಪ್ರಕಟಿಸುತ್ತದೆ. ಗುರಿಯನ್ನು ಆ ಸಂಖ್ಯೆಯಿಂದ ಅಳೆಯಬೇಕು.

ದುಡಿಯುತ್ತಲೇ ಓದುವವರು ಜೀವಶಾಸ್ತ್ರದಿಂದ ಆರಂಭಿಸುವುದು ವಿವೇಕ. ಒಟ್ಟು ಅಂಕದ ಅರ್ಧ, ಅಂದರೆ 360, ಅಲ್ಲಿಯೇ ಇದೆ. ಎನ್.ಸಿ.ಇ.ಆರ್.ಟಿ. ಪಠ್ಯಪುಸ್ತಕಗಳನ್ನು ಸಾಲುಸಾಲಾಗಿ ಓದಬೇಕು. ಭೌತಶಾಸ್ತ್ರಕ್ಕೆ ಮುನ್ನ ಮರೆತುಹೋದ ಗಣಿತವನ್ನು, ಬೀಜಗಣಿತ, ತ್ರಿಕೋನಮಿತಿ, ನಕ್ಷೆಗಳನ್ನು ಒಂದು ತಿಂಗಳು ತಿದ್ದಿಕೊಳ್ಳಬೇಕು. ಹಿಂದೆ ಅಂಕ ಕಡಿಮೆ ಬಂದವರಲ್ಲಿ ಅನೇಕರು ಎಡವಿದ್ದು ಬುದ್ಧಿಯ ಕೊರತೆಯಿಂದಲ್ಲ, ಈ ಬುನಾದಿಯ ಕೊರತೆಯಿಂದ.

ತಡವಾಗಿ ಓದುವವರ ದೇಹ ಮತ್ತು ಮನಸ್ಸು

ಮೂವತ್ತರ ನಂತರ ಬುದ್ಧಿ ಮಂದವಾಗುತ್ತದೆಂಬುದು ತಪ್ಪು ಕಲ್ಪನೆ. ಕಡಿಮೆಯಾಗುವುದು ಬಿಡುವು ಮತ್ತು ನಿದ್ರೆ. ಓದಿದ್ದು ನೆನಪಿನಲ್ಲಿ ನೆಲೆಗೊಳ್ಳುವ ಕಾರ್ಯ ಬಹುಪಾಲು ನಿದ್ರೆಯಲ್ಲಿ ನಡೆಯುತ್ತದೆ. ಆದುದರಿಂದ ನಿದ್ದೆಗೆಟ್ಟು ಓದುವುದು ತುಂಬಿದ ಕೊಡಕ್ಕೆ ತೂತು ಕೊರೆದಂತೆ. ಏಳು ಗಂಟೆಗಳ ನಿದ್ರೆಯನ್ನು ಬಿಡದೆ, ಬೆಳಗಿನ ಎರಡು ಗಂಟೆ, ರಾತ್ರಿಯ ಒಂದು ಗಂಟೆಯನ್ನು ಓದಿಗಿಡಬೇಕು. ಪುಸ್ತಕ ಮುಚ್ಚಿ, ಓದಿದ್ದನ್ನು ನೆನೆದು ಬರೆಯುವುದು, ಅದನ್ನೇ ಮೂರು ದಿನ, ಹತ್ತು ದಿನ, ಒಂದು ತಿಂಗಳ ಅಂತರದಲ್ಲಿ ಪುನಃ ಮಾಡುವುದು, ಬರಿದೇ ಮತ್ತೆಮತ್ತೆ ಓದುವುದಕ್ಕಿಂತ ಫಲಕಾರಿ. ನಲವತ್ತರ ಆಚೀಚೆಯವರು ಚಾಳೀಸು ಬಂದಿದೆಯೇ ಎಂದು ಕಣ್ಣು ತೋರಿಸಿಕೊಳ್ಳಬೇಕು. ತಲೆನೋವೆಂದು ಪುಸ್ತಕ ಮುಚ್ಚುವವರಲ್ಲಿ ಕೆಲವರಿಗೆ ಬೇಕಾಗಿರುವುದು ಕನ್ನಡಕವಷ್ಟೇ. ರಕ್ತದೊತ್ತಡ, ಸಕ್ಕರೆ, ರಕ್ತಹೀನತೆಗಳನ್ನು ಒಮ್ಮೆ ಪರೀಕ್ಷಿಸಿಕೊಳ್ಳುವುದು ಉಚಿತ.

ಮನಸ್ಸಿನ ಹೊರೆ ಇದಕ್ಕಿಂತ ಭಾರ. ತಮಗಿಂತ ಹನ್ನೆರಡು ವರ್ಷ ಕಿರಿಯರ ಪಕ್ಕ ಕುಳಿತುಕೊಳ್ಳುವ ಸಂಕೋಚ, ನೆಂಟರಿಷ್ಟರ ಕೊಂಕುಮಾತು, ಒಂದೆರಡು ಬಾರಿ ಸೀಟು ತಪ್ಪಿದಾಗಿನ ಕುಗ್ಗುವಿಕೆ ಸಹಜ. ಎರಡು ವಾರಕ್ಕೂ ಹೆಚ್ಚು ಕಾಲ ನಿದ್ರೆ, ಹಸಿವು, ಉತ್ಸಾಹಗಳು ಕುಂದಿದರೆ ಅದನ್ನು ದೌರ್ಬಲ್ಯವೆಂದು ಮುಚ್ಚಿಡದೆ ವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿ 14416 ಸಂಖ್ಯೆಯಲ್ಲಿ ಕನ್ನಡದಲ್ಲಿಯೇ ಮಾತನಾಡುತ್ತದೆ. ಮನೆಯ ಹೆಣ್ಣುಮಗಳು ಓದಲು ಹೊರಟಾಗ ಅಡುಗೆ, ಮಕ್ಕಳು, ಹಿರಿಯರ ಆರೈಕೆ ಮೊದಲಿನಂತೆಯೇ ಅವಳ ಪಾಲಿಗೆ ಉಳಿದರೆ ಅವಳ ಓದು ಹೆಸರಿಗಷ್ಟೇ ಆಗುತ್ತದೆ. ಆ ಕೆಲಸಗಳನ್ನು ಮನೆಯವರು ಹಂಚಿಕೊಳ್ಳುವುದೇ ಆಕೆಗೆ ಸಲ್ಲುವ ನಿಜವಾದ ಪ್ರೋತ್ಸಾಹ.

ವರ್ಷಗಳ ಲೆಕ್ಕ, ಹಣದ ಲೆಕ್ಕ

ಎಂ.ಬಿ.ಬಿ.ಎಸ್. ನಾಲ್ಕೂವರೆ ವರ್ಷ, ಮೇಲೆ ಒಂದು ವರ್ಷದ ಇಂಟರ್ನ್‌ಶಿಪ್. ತಜ್ಞರಾಗಬೇಕಾದರೆ ಮತ್ತೊಂದು ಪ್ರವೇಶ ಪರೀಕ್ಷೆ, ಮತ್ತೆ ಮೂರು ವರ್ಷ. ಮೊದಲ ವರ್ಷದ ಪರೀಕ್ಷೆಯನ್ನು ನಾಲ್ಕು ಪ್ರಯತ್ನಗಳೊಳಗೆ ಮುಗಿಸಬೇಕು. ಇಡೀ ಪದವಿಗೆ ಒಂಬತ್ತು ವರ್ಷಗಳ ಗಡುವಿದೆ. ರಾತ್ರಿ ಪಾಳಿಯ ಇಂಟರ್ನ್‌ಶಿಪ್ ಮೂವತ್ತೈದರ ದೇಹಕ್ಕೆ ಹಗುರವಲ್ಲ. ಸರ್ಕಾರಿ ಹುದ್ದೆಯ ಆಸೆಯಿದ್ದವರು, ಕಲಿಯುವುದಕ್ಕೆ ವಯೋಮಿತಿ ಇಲ್ಲದಿದ್ದರೂ ನೇಮಕಾತಿಗೆ ಪ್ರತ್ಯೇಕ ವಯೋಮಿತಿ ಇರುತ್ತದೆಂಬುದನ್ನು ನೆನಪಿಡಬೇಕು.

ಇನ್ನು ಹಣ. ಸಂಪಾಜೆ, ಅರಂತೋಡು ಭಾಗದ ಅಡಿಕೆ ತೋಟಗಳನ್ನು ಹಳದಿ ರೋಗ ಹಣ್ಣುಮಾಡಿದೆ. ಎಲೆಚುಕ್ಕಿ ರೋಗ ಉಳಿದೆಡೆಯೂ ಬೆಳೆಗಾರರ ನಿದ್ದೆಗೆಡಿಸಿದೆ. ಇಂಥ ಕಾಲದಲ್ಲಿ ತೋಟವನ್ನು ಅಡವಿಟ್ಟು ಖಾಸಗಿ ಸೀಟು ಕೊಳ್ಳುವ ಮಾತು ಬಂದಾಗ, ಆ ತೋಟದಿಂದಲೇ ಬದುಕುವ ಎಲ್ಲರೂ ಕುಳಿತು ಮಾತನಾಡಬೇಕು. ದುಡಿಯುವ ವ್ಯಕ್ತಿ ಓದಲು ಹೋದರೆ ಖರ್ಚು ಹೆಚ್ಚುವುದಷ್ಟೇ ಅಲ್ಲ, ಐದೂವರೆ ವರ್ಷಗಳ ಸಂಪಾದನೆಯೂ ನಿಲ್ಲುತ್ತದೆ. ಇದನ್ನು ಲೆಕ್ಕಕ್ಕೆ ಹಿಡಿಯುವವರು ವಿರಳ. ಬ್ಯಾಂಕುಗಳ ಶಿಕ್ಷಣ ಸಾಲವಿದೆ. ಕರ್ನಾಟಕ ವೀರಶೈವ ಲಿಂಗಾಯತ ಅಭಿವೃದ್ಧಿ ನಿಗಮದ ಬಸವ ಬೆಳಗು ಯೋಜನೆಯಿದೆ. ತಮ್ಮ ವಯಸ್ಸಿಗೆ, ಆದಾಯಕ್ಕೆ ಅವು ಅನ್ವಯಿಸುತ್ತವೆಯೇ ಎಂದು ಮೊದಲೇ ವಿಚಾರಿಸಬೇಕು.

ದಲ್ಲಾಳಿಗಳ ಮಾತಿಗೆ ಮಾರುಹೋಗದಿರುವುದು ಎಲ್ಲಕ್ಕಿಂತ ಮುಖ್ಯ. ಅಂಕ ಕಡಿಮೆ, ವಯಸ್ಸು ಹೆಚ್ಚು ಎಂಬ ಅಳುಕಿರುವವರೇ ಇವರ ಬಲೆಗೆ ಸುಲಭವಾಗಿ ಬೀಳುವವರು. ಕ್ಯಾಪಿಟೇಷನ್ ಶುಲ್ಕವನ್ನು ನಮ್ಮ ರಾಜ್ಯ 1984ರ ಕಾಯ್ದೆಯಿಂದಲೇ ನಿಷೇಧಿಸಿದೆ. ಖಾಸಗಿ ಕಾಲೇಜುಗಳ ಸೀಟುಗಳೂ ಕೌನ್ಸೆಲಿಂಗ್ ಮೂಲಕವೇ ಹಂಚಿಕೆಯಾಗುತ್ತವೆ: ರಾಜ್ಯದವು ಪರೀಕ್ಷಾ ಪ್ರಾಧಿಕಾರದಿಂದ, ಡೀಮ್ಡ್ ವಿಶ್ವವಿದ್ಯಾಲಯಗಳವು ಕೇಂದ್ರದ ಸಮಿತಿಯಿಂದ. ‘ಒಳಗಿನಿಂದ ಸೀಟು ಕೊಡಿಸುತ್ತೇವೆ’ ಎಂದು ಮುಂಗಡ ಕೇಳುವವನಿಗೆ ಒಂದು ರೂಪಾಯಿಯನ್ನೂ ಕೊಡತಕ್ಕದ್ದಲ್ಲ.

ವಿದೇಶದ ದಾರಿಗೂ ನೀಟ್ ಅರ್ಹತೆ ಕಡ್ಡಾಯ. 2021ರ ನಿಯಮದಂತೆ ಅಲ್ಲಿನ ಶಿಕ್ಷಣ ಕನಿಷ್ಠ 54 ತಿಂಗಳಿದ್ದು ಇಂಗ್ಲಿಷ್ ಮಾಧ್ಯಮದಲ್ಲಿರಬೇಕು, ಅಲ್ಲಿಯೇ ಒಂದು ವರ್ಷದ ಇಂಟರ್ನ್‌ಶಿಪ್ ಆಗಬೇಕು. ಮರಳಿ ಬಂದ ಮೇಲೆ ಅರ್ಹತಾ ಪರೀಕ್ಷೆ ಇದ್ದೇ ಇದೆ. ರಾಣೇಬೆನ್ನೂರು ತಾಲ್ಲೂಕಿನ ಚಳಗೇರಿಯ ವಿದ್ಯಾರ್ಥಿಯೊಬ್ಬ 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಬಲಿಯಾದುದನ್ನು ನಾಡು ಮರೆತಿಲ್ಲ. ಮನೆಯವರು ಆ ಮಗನ ದೇಹವನ್ನು ದಾವಣಗೆರೆಯ ವೈದ್ಯಕೀಯ ಕಾಲೇಜಿಗೆ ದಾನವಾಗಿತ್ತರು. ಇಲ್ಲಿ ಸಿಗದ ಸೀಟಿಗಾಗಿ ಕುಟುಂಬಗಳು ಎಷ್ಟು ದೂರ ಹೋಗಬೇಕಾಗಿದೆಯೆಂಬುದನ್ನು ಆ ಸಾವು ತೋರಿಸಿತು.

ಸೇವೆಗೆ ಒಂದೇ ಬಾಗಿಲಲ್ಲ

ನಿಮಗೆ ಬೇಕಾಗಿರುವುದು ವೈದ್ಯನೆಂಬ ಹೆಸರೋ, ರೋಗಿಯ ಬಳಿ ನಿಲ್ಲುವ ಕಾಯಕವೋ? ಇದನ್ನು ತಮ್ಮನ್ನೇ ಪ್ರಾಮಾಣಿಕವಾಗಿ ಕೇಳಿಕೊಂಡವರಿಗೆ ಹಲವು ಬಾಗಿಲುಗಳು ಕಾಣುತ್ತವೆ. ಆಯುರ್ವೇದ, ಹೋಮಿಯೋಪಥಿ ಪದವಿಗಳಿಗೂ ನೀಟ್ ಬೇಕು, ಆದರೆ ಸ್ಪರ್ಧೆ ಅಷ್ಟು ಬಿರುಸಲ್ಲ. ನರ್ಸಿಂಗ್, ಫಿಸಿಯೋಥೆರಪಿ, ಪ್ರಯೋಗಾಲಯ ತಂತ್ರಜ್ಞಾನಗಳು ಕಡಿಮೆ ವೆಚ್ಚದಲ್ಲಿ ಬೇಗ ಕೆಲಸಕ್ಕೆ ಹಚ್ಚುತ್ತವೆ. ನರ್ಸಿಂಗ್ ಪದವೀಧರರು ಗ್ರಾಮದ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳಾಗಿ ರಕ್ತದೊತ್ತಡ, ಮಧುಮೇಹದ ರೋಗಿಗಳನ್ನು ನೇರವಾಗಿ ನೋಡಿಕೊಳ್ಳುತ್ತಿದ್ದಾರೆ. ಇವನ್ನು ಸೋತವರ ದಾರಿಯೆಂದು ಭಾವಿಸುವುದು ಕಾಯಕದಲ್ಲಿ ಮೇಲುಕೀಳು ಎಣಿಸಿದಂತೆ.

ಆದುದರಿಂದ ನಮ್ಮ ಸಲಹೆ ಇಷ್ಟು. ಎರಡು ಪ್ರಯತ್ನಗಳ ಮಿತಿ ಹಾಕಿಕೊಳ್ಳಿ. ಮನೆಯಿಂದ ಇಂತಿಷ್ಟೇ ಹಣವೆಂದು ಗೆರೆ ಎಳೆಯಿರಿ. ಎರಡನೆಯ ಫಲಿತಾಂಶದ ಮರುದಿನ ಹಿಡಿಯಬೇಕಾದ ಬೇರೆ ದಾರಿಯನ್ನು ಈಗಲೇ ಬರೆದಿಡಿ. ಮಿತಿಯಿಲ್ಲದ ಪ್ರಯತ್ನಕ್ಕೆ ಕಾನೂನು ಅವಕಾಶ ಕೊಟ್ಟಿದೆ; ಸಂಸಾರ ಕೊಡಲಾರದು.

ಹೊರಡಲು ನಿಶ್ಚಯಿಸಿದವರು ಈ ವಾರವೇ ನಾಲ್ಕು ಕೆಲಸ ಮಾಡಬಹುದು. ಪಿಯುಸಿ ಅಂಕಪಟ್ಟಿಯನ್ನು ತೆಗೆದು ಮೂರು ವಿಷಯಗಳ ಮೊತ್ತ ಕೂಡಿಸಿ. ಓದಿದ ಶಾಲೆಗೆ ಹೋಗಿ ವ್ಯಾಸಂಗ ಪ್ರಮಾಣಪತ್ರಕ್ಕೆ ಅರ್ಜಿ ಕೊಡಿ. ಹಳೆಯ ನೀಟ್ ಪ್ರಶ್ನೆಪತ್ರಿಕೆಯೊಂದನ್ನು ಮೂರು ಗಂಟೆ ಕುಳಿತು ಬಿಡಿಸಿ, ಬಂದ ಅಂಕ ಎಷ್ಟೇ ಇರಲಿ, ಕಾಗದದ ಮೇಲೆ ಬರೆದಿಡಿ. ಬಳಿಕ ಆ ಕಾಗದವನ್ನು ಮನೆಯವರ ಮುಂದಿಟ್ಟು, ಅವರ ಮಾತನ್ನು ಪೂರ್ತಿ ಕೇಳಿ.